ಜೈವಿಕ ಇಂಧನದಲ್ಲಿ ಬಂಡವಾಳ ಹೂಡುವ ಮುನ್ನ

2024-25ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ದೊರೆತ ಮೇಲೆ ಅನೇಕ ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಉಳಿದಿದೆ. ಅದನ್ನು ಎಥನಾಲ್ ಕಾರ್ಖಾನೆಯಲ್ಲೋ, ಜೈವಿಕ ಅನಿಲ ಸ್ಥಾವರದಲ್ಲೋ ತೊಡಗಿಸಬಹುದೇ ಎಂದು ಕೆಲವು ಸದಸ್ಯರು ವಿಚಾರಿಸುತ್ತಿದ್ದಾರೆ. ಈ ಉದ್ಯಮ ದೇಶದಲ್ಲಿ ಬೆಳೆಯುತ್ತಿರುವುದು ನಿಜ. ಆದರೆ ಉದ್ಯಮ ಬೆಳೆಯುವುದು ಬೇರೆ, ಅದರಲ್ಲಿ ತೊಡಗಿಸಿದವನ ಹಣ ಬೆಳೆಯುವುದು ಬೇರೆ. ಇವೆರಡನ್ನು ಬೇರ್ಪಡಿಸಿ ನೋಡಲು ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

1. ಕೊಳ್ಳುವವರು ಯಾರು, ಎಷ್ಟು ಕೊಳ್ಳುತ್ತಾರೆ?

ಎಥನಾಲನ್ನೇ ನೋಡಿ. 2013-14ರಲ್ಲಿ ಪೆಟ್ರೋಲಿನಲ್ಲಿ ಬೆರೆಯುತ್ತಿದ್ದುದು ಶೇಕಡಾ 1.5ರಷ್ಟು ಮಾತ್ರ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ಕ್ಕೆ ಇಟ್ಟುಕೊಂಡಿದ್ದ ಶೇಕಡಾ 20ರ ಗುರಿಯನ್ನು 2022ರ ತಿದ್ದುಪಡಿಯಲ್ಲಿ 2025-26ಕ್ಕೆ ಹಿಂದಕ್ಕೆ ತರಲಾಯಿತು. 2025ರಲ್ಲಿ ಆ ಮಟ್ಟವನ್ನು ಮುಟ್ಟಿಯೂ ಆಯಿತು. ಬಡ್ಡಿ ರಿಯಾಯಿತಿಯ ಸಾಲ ಪಡೆದು ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು.

ಫಲವೇನಾಯಿತೆಂದರೆ, 2025-26ರ ಸರಬರಾಜಿಗೆ ತೈಲ ಕಂಪನಿಗಳು ಕೇಳಿದ್ದು ಸುಮಾರು 1,050 ಕೋಟಿ ಲೀಟರು. ಕಾರ್ಖಾನೆಗಳು ಕೊಡಲು ಮುಂದೆ ಬಂದದ್ದು ಸುಮಾರು 1,776 ಕೋಟಿ ಲೀಟರು. ಬೆಲೆ ನಿಗದಿಯಾಗಿದೆ, ಸರಕು ಸಿದ್ಧವಿದೆ, ಆದರೆ ಕೊಳ್ಳುವವರಿಗೆ ಅಷ್ಟು ಬೇಡ. ಬೆಲೆಯ ಭರವಸೆ ಖರೀದಿಯ ಭರವಸೆಯಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಹೊಸ ಕಾರ್ಖಾನೆಯ ಷೇರನ್ನು ಯಾರಾದರೂ ತೋರಿಸಿದರೆ, ಪ್ರಮಾಣವನ್ನು ನಮೂದಿಸಿದ ಖರೀದಿ ಕರಾರು ಇದೆಯೇ ಎಂದು ಮೊದಲು ಕೇಳತಕ್ಕದ್ದು.

2. ಕಚ್ಚಾಮಾಲು ವರ್ಷಕ್ಕೆ ಎಷ್ಟು ದಿನ ದೊರೆಯುತ್ತದೆ?

ಸಗಣಿ, ಹುಲ್ಲು, ಕಸಗಳಿಂದ ಅನಿಲ ಮಾಡಿ, ಶುದ್ಧಿಗೊಳಿಸಿ, ಒತ್ತಡದಲ್ಲಿ ತುಂಬಿಸಿ ವಾಹನಗಳಿಗೆ ಮಾರುವ ಯೋಜನೆಯೇ 2018ರ ಅಕ್ಟೋಬರಿನಲ್ಲಿ ಆರಂಭವಾದ 'ಸತತ್'. ಅದರ ಗುರಿ 5,000 ಸ್ಥಾವರಗಳು. 2025ರ ಆರಂಭದ ವೇಳೆಗೆ ನಡೆಯುತ್ತಿದ್ದುದು ನೂರರ ಆಸುಪಾಸು. ಇಲ್ಲಿ ಬೇಡಿಕೆಯ ಬಲವಿದೆ: ನಗರದ ಅನಿಲ ವಿತರಕರು 2025-26ರಲ್ಲಿ ಶೇಕಡಾ 1ರಿಂದ ಆರಂಭಿಸಿ 2028-29ರ ಹೊತ್ತಿಗೆ ಶೇಕಡಾ 5ರಷ್ಟು ಜೈವಿಕ ಅನಿಲ ಸೇರಿಸಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ಗೊತ್ತುಪಡಿಸಿದೆ. ಇಲ್ಲಿ ತೊಡಕಾಗುವುದು ಮುಖ್ಯವಾಗಿ ಕಚ್ಚಾಮಾಲನ್ನು ಒಟ್ಟುಮಾಡಿ, ಸಾಗಿಸಿ, ಕೂಡಿಡುವ ಕೆಲಸ.

ನಮ್ಮ ಸೀಮೆಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಅರೇಬಿಕಾ ಮತ್ತು ರೊಬಸ್ಟಾ ಎರಡೂ ಸೇರಿ ಪಲ್ಪಿಂಗ್ ನಡೆಯುವುದು ವರ್ಷದಲ್ಲಿ ಕೆಲವೇ ತಿಂಗಳು. ಚೆರಿ ಕಾಫಿಯ ಒಣ ಹೊಟ್ಟು ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಳುತ್ತದೆ, ತೋಟದಲ್ಲಲ್ಲ. ಅದಕ್ಕೆ ಉರುವಲಾಗಿ ಈಗಾಗಲೇ ಗಿರಾಕಿಗಳುಂಟು. ಅಡಿಕೆ ಸಿಪ್ಪೆಯೂ ಒಂದೇ ಬಗೆಯದಲ್ಲ. ಮಲೆನಾಡಿನ ಕೆಂಪಡಿಕೆಗೆ ಹಸಿಕಾಯಿಯನ್ನೇ ಸುಲಿಯುವುದರಿಂದ ಸಿಪ್ಪೆ ನೀರು ತುಂಬಿರುತ್ತದೆ. ಕರಾವಳಿಯ ಚಾಲಿಯ ಸಿಪ್ಪೆ ಒಣಗಿದ್ದು, ಹಗುರ, ಲಾರಿಯ ಜಾಗವನ್ನೆಲ್ಲ ನುಂಗುತ್ತದೆ. ಒಂದರಲ್ಲಿ ನೀರಿಗೆ ಬಾಡಿಗೆ, ಇನ್ನೊಂದರಲ್ಲಿ ಗಾಳಿಗೆ ಬಾಡಿಗೆ ಕೊಟ್ಟಂತೆ.

ಒಂದು ಲೆಕ್ಕ ಹಾಕೋಣ. ಒಂದು ಕೋಟಿ ರೂಪಾಯಿ ಸಾಲಕ್ಕೆ ಶೇಕಡಾ 10ರಂತೆ ವರ್ಷದ ಬಡ್ಡಿ 10 ಲಕ್ಷ. ಸ್ಥಾವರ 330 ದಿನ ನಡೆದರೆ ದಿನವೊಂದಕ್ಕೆ ಬಡ್ಡಿಯ ಹೊರೆ ಸುಮಾರು 3,000 ರೂಪಾಯಿ. 90 ದಿನ ಮಾತ್ರ ನಡೆದರೆ 11,000 ರೂಪಾಯಿಗೂ ಮೇಲು. ಯಂತ್ರ ನಿಂತರೂ ಬಡ್ಡಿ ನಿಲ್ಲದು.

ಹಿಂದಿನ ಪಾಠವೂ ಒಂದುಂಟು. ಕಾಡುಹರಳು, ಅಂದರೆ ಜಟ್ರೋಫಾ, ಬಂಜರಿನಲ್ಲಿಯೇ ಎಣ್ಣೆಯ ಹೊಳೆ ಹರಿಸುವುದೆಂದು 2003ರಿಂದ ದೇಶದಾದ್ಯಂತ ಪ್ರಚಾರ ನಡೆಯಿತು. 2009ರ ನೀತಿಯು 2017ಕ್ಕೆ ಜೈವಿಕ ಡೀಸೆಲ್ಲನ್ನು ಶೇಕಡಾ 20ರಷ್ಟು ಬೆರೆಸುವ ಗುರಿ ಹಾಕಿತು. ಗಿಡ ಬಂಜರಿನಲ್ಲಿ ಬದುಕಿತು, ಆದರೆ ನೀರು, ಗೊಬ್ಬರವಿಲ್ಲದೆ ಲಾಭ ಕಟ್ಟುವಷ್ಟು ಕಾಯಿ ಬಿಡಲಿಲ್ಲ. 2018ರ ನೀತಿಯಲ್ಲಿ ಆ ಗುರಿ 2030ಕ್ಕೆ ಶೇಕಡಾ 5ಕ್ಕೆ ಇಳಿಯಿತು.

3. ತೋಟದಿಂದ ಹೋದದ್ದು ತೋಟಕ್ಕೆ ಮರಳುವುದೇ?

ಕಾಫಿ ಸಿಪ್ಪೆಯಲ್ಲಿ ಪೊಟ್ಯಾಷ್ ಅಂಶ ಹೇರಳ. ಅಡಿಕೆ ಸಿಪ್ಪೆ ನಿಧಾನವಾಗಿ ಕೊಳೆತು ಮಣ್ಣಿಗೆ ಹೊದಿಕೆಯಾಗುತ್ತದೆ. ಇವನ್ನು ಮಾರಿ, ಅಷ್ಟೇ ಪೊಟ್ಯಾಷನ್ನು ಅಂಗಡಿಯಿಂದ ಚೀಲದಲ್ಲಿ ತಂದರೆ ಉಳಿದದ್ದೇನು? ಸಿಪ್ಪೆಗೆ ಕೊಡುವ ದರದಲ್ಲಿ ಗೊಬ್ಬರದ ಬೆಲೆ ಕಳೆದು ನೋಡಬೇಕು. ಅನಿಲ ಸ್ಥಾವರದಲ್ಲಾದರೆ ಬಗ್ಗಡ ಒಳ್ಳೆಯ ಗೊಬ್ಬರ. ಅದರ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವನ್ನು ಕೇಂದ್ರ 2023ರಲ್ಲಿ ಮಂಜೂರು ಮಾಡಿದೆ. ಬಗ್ಗಡ ಸಿಪ್ಪೆ ಕೊಟ್ಟವರಿಗೆ ಮರಳಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸುವುದು ನಮ್ಮ ಹಿತಕ್ಕೆ ಅಗತ್ಯ.

ಹತ್ತಿರದ ಅವಕಾಶ

ಹಾಗಾದರೆ ನಮಗೆ ಅವಕಾಶವೇ ಇಲ್ಲವೇ? ಉಂಟು, ಅದು ಕೊಟ್ಟಿಗೆಯ ಪಕ್ಕದಲ್ಲಿದೆ. ದಿನಕ್ಕೆ 50 ಕಿಲೋ ಸಗಣಿಯಿಂದ ಸುಮಾರು 2 ಘನ ಮೀಟರು ಅನಿಲ ಬರುತ್ತದೆ. ಒಂದು ಘನ ಮೀಟರು ಅಡಿಗೆ ಅನಿಲದ 450 ಗ್ರಾಮಿಗೆ ಹತ್ತಿರ. ಅಂದರೆ ತಿಂಗಳಿಗೆ 27 ಕಿಲೋ, 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ಎರಡಕ್ಕೆ ತುಸು ಕಡಿಮೆ. ಮಿಶ್ರತಳಿಯ ಹಸುಗಳಾದರೆ ನಾಲ್ಕೈದು ಸಾಕು. ಮಲೆನಾಡು ಗಿಡ್ಡ ಆದರೆ ಇಮ್ಮಡಿಯಾದರೂ ಬೇಕು. ಮಳೆಗಾಲದ ಥಂಡಿಯಲ್ಲಿ ಅನಿಲ ಇಳಿಯುವುದನ್ನೂ ಲೆಕ್ಕದಲ್ಲಿ ಹಿಡಿಯಿರಿ.

ದೊಡ್ಡ ತೋಟದವರಿಗೆ ಪಲ್ಪರ್ ನೀರಿನ ಪ್ರಶ್ನೆಯುಂಟು. ಈ ಹುಳಿ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಡುವಂತಿಲ್ಲ. ಸಂಸ್ಕರಣೆಗೆ ಹೇಗೂ ಖರ್ಚು ಮಾಡಬೇಕು. ಸುಣ್ಣ ಹಾಕಿ ಹುಳಿ ತಗ್ಗಿಸಿ, ಸಗಣಿ ಬಗ್ಗಡದಿಂದ ಹುದುಗು ಹಿಡಿಸಿದ ತೊಟ್ಟಿಗೆ ಬಿಟ್ಟರೆ ಅದೇ ನೀರು ಅನಿಲ ಕೊಡುತ್ತದೆ. ಇಲ್ಲಿ ಲಾಭವನ್ನು ಅನಿಲದಿಂದ ಮಾತ್ರ ಅಳೆಯಬಾರದು; ಹೇಗೂ ಆಗುವ ಖರ್ಚಿನಲ್ಲಿ ಒಂದು ಪಾಲು ವಾಪಸು ಬಂತೆಂದು ತಿಳಿಯಬೇಕು. ಸೀಸನ್ ಮುಗಿದ ಮೇಲೆ ತೊಟ್ಟಿ ಸಾಯದಂತೆ ಸಗಣಿ ಹಾಕುತ್ತಿರಬೇಕು.

ಯಾವುದೇ ಯೋಜನೆಗೆ ರುಜು ಹಾಕುವ ಮುನ್ನ ನಾಲ್ಕು ಕಾಗದಗಳನ್ನು ಕೇಳಿ ಪಡೆಯಿರಿ: ಪ್ರಮಾಣವಿರುವ ಖರೀದಿ ಕರಾರು, ತಿಂಗಳುವಾರು ಕಚ್ಚಾಮಾಲಿನ ಪಟ್ಟಿ, ಸಾಗಣೆಯ ದೂರ ಮತ್ತು ದರ, ಸಹಾಯಧನ ಬಾರದಿದ್ದರೆ ಲೆಕ್ಕ ಹೇಗೆ ನಿಲ್ಲುವುದೆಂಬ ತಃಖ್ತೆ. ನಾಲ್ಕನೆಯದು ಕೈಗೆ ಬಾರದಿದ್ದರೆ ಹಣ ಬ್ಯಾಂಕಿನಲ್ಲಿಯೇ ಇರಲಿ.