ಗಣಕಯಂತ್ರವು ತಾರೀಖನ್ನು ಬರೆಯುವ ಬಗೆ

ಪ್ರಕಟಣೆಯೊಂದರಲ್ಲಿ 03-04-2025 ಎಂದು ಅಚ್ಚಾಗಿದೆಯೆಂದು ಭಾವಿಸೋಣ. ನಮ್ಮ ನಾಡಿನ ವಿದ್ಯಾರ್ಥಿ ಇದನ್ನು ಏಪ್ರಿಲ್ ತಿಂಗಳ ಮೂರನೆಯ ದಿನವೆಂದು ಓದುತ್ತಾನೆ. ಅಮೆರಿಕದ ವಿದ್ಯಾರ್ಥಿಗಾದರೋ ಇದು ಮಾರ್ಚ್ ತಿಂಗಳ ನಾಲ್ಕನೆಯ ದಿನ. ಬರಹ ಒಂದೇ, ಅರ್ಥ ಎರಡು, ನಡುವಣ ಅಂತರ ಮೂವತ್ತು ದಿನ. ಔಷಧದ ಅವಧಿ, ಪ್ರಯಾಣದ ದಿನ, ಶುಲ್ಕ ಸಲ್ಲಿಸುವ ಗಡುವು ಮೊದಲಾದವುಗಳಲ್ಲಿ ಇಂತಹ ಸಂದೇಹ ಉಳಿದರೆ ಆಗುವ ಹಾನಿ ಅಲ್ಪವಲ್ಲ. ಯಂತ್ರಕ್ಕೆ ತಾರೀಖು ಬರೆಯಲು ಕಲಿಸುವವರು ಇದನ್ನು ಮೊದಲೇ ಯೋಚಿಸಬೇಕಾಗುತ್ತದೆ. ಆ ಕೆಲಸ ನಡೆಯುವ ಬಗೆಯನ್ನು ಈಗ ವಿಚಾರಿಸೋಣ.

ಬಹುಮಟ್ಟಿಗೆ ಗಣಕಯಂತ್ರದೊಳಗೆ ದಿನ, ತಿಂಗಳು, ವರ್ಷಗಳೆಂಬ ವಿಭಾಗವೇ ಇರುವುದಿಲ್ಲ. ಯೂನಿಕ್ಸ್ ಪದ್ಧತಿಯಲ್ಲಿ ಕಾಲವೆಂದರೆ ಒಂದು ಎಣಿಕೆ ಮಾತ್ರ. 1970ನೆಯ ಇಸವಿ ಜನವರಿ 1ರಂದು, ಸಾರ್ವತ್ರಿಕ ಕಾಲಮಾನದ ನಡುರಾತ್ರಿಯಿಂದ ಕಳೆದಿರುವ ಸೆಕೆಂಡುಗಳ ಸಂಖ್ಯೆಯೇ ಅದು. ಗಡಿಯಾರಗಳಿಗೆ ಅಪರೂಪವಾಗಿ ಸೇರಿಸುವ ಅಧಿಕ ಸೆಕೆಂಡುಗಳನ್ನು ಈ ಎಣಿಕೆ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆದುದರಿಂದ ಇಲ್ಲಿ ಪ್ರತಿಯೊಂದು ದಿನಕ್ಕೂ ಸರಿಯಾಗಿ 86,400 ಸೆಕೆಂಡುಗಳು.

ಈ ಎಣಿಕೆ ನೂರು ಕೋಟಿ ಮುಟ್ಟಿದ ಕ್ಷಣ ಯಾವುದು? ಕಾಗದದ ಮೇಲೆಯೇ ಲೆಕ್ಕ ಮಾಡಿ ನೋಡೋಣ. ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ 11,574 ದಿನಗಳು ದೊರೆತು 6,400 ಸೆಕೆಂಡುಗಳು ಶೇಷವಾಗುತ್ತವೆ. 1970ರಿಂದ 2000ದ ಕೊನೆಯವರೆಗೆ 31 ವರ್ಷಗಳು. ಅವುಗಳಲ್ಲಿ ಎಂಟು ಅಧಿಕ ವರ್ಷಗಳು. ಒಟ್ಟು 11,323 ದಿನಗಳು. ಇವನ್ನು ಕಳೆದರೆ ಉಳಿಯುವುದು 251. ಎಂದರೆ 2001ರ 252ನೆಯ ದಿನ ನಡೆಯುತ್ತಿದೆ. ಆಗಸ್ಟ್ ಮುಗಿಯುವಾಗ 243 ದಿನಗಳಾಗಿರುತ್ತವೆಯಾಗಿ ಅದು ಸೆಪ್ಟೆಂಬರ್ 9. ಶೇಷವಾದ 6,400 ಸೆಕೆಂಡುಗಳೆಂದರೆ 1 ಗಂಟೆ 46 ನಿಮಿಷ 40 ಸೆಕೆಂಡು. ಭಾರತದ ಕಾಲಮಾನವು 82½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುವುದರಿಂದ ಐದೂವರೆ ಗಂಟೆ ಮುಂದಿದೆ. ಅದನ್ನು ಕೂಡಿಸಿದರೆ ನಮ್ಮಲ್ಲಿ ಬೆಳಿಗ್ಗೆ 7 ಗಂಟೆ 16 ನಿಮಿಷ 40 ಸೆಕೆಂಡು. ವಾರವನ್ನೂ ತಿಳಿಯಬಹುದು: 1970ರ ಜನವರಿ 1 ಗುರುವಾರ, 11,574ನ್ನು 7ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ ಅಂದು ಭಾನುವಾರ.

ಹೀಗೆ ದೊರೆತ ಅಂಗಗಳನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದನ್ನು ಯಂತ್ರಕ್ಕೆ ನಾವೇ ತಿಳಿಸಬೇಕು. ಇದಕ್ಕಾಗಿ ಸಿ ಭಾಷೆಯ 1989ರ ಪ್ರಮಾಣದಲ್ಲಿಯೇ ಒಂದು ಸಾಧನವಿದೆ. ಪೈಥಾನ್ ಮೊದಲಾದ ಭಾಷೆಗಳೂ ಅದನ್ನು ಸ್ವೀಕರಿಸಿವೆ. ನಾವು ಒಂದು ಅಚ್ಚನ್ನು ಕೊಡುತ್ತೇವೆ. ಅಚ್ಚಿನಲ್ಲಿ % ಗುರುತಿನ ಮುಂದೆ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ದೊಡ್ಡಕ್ಷರದ ‘ವೈ’ ನಾಲ್ಕಂಕಿಯ ವರ್ಷವನ್ನೂ ಚಿಕ್ಕಕ್ಷರದ ‘ವೈ’ ವರ್ಷದ ಕಡೆಯ ಎರಡಂಕಿಗಳನ್ನೂ ಕೊಡುತ್ತವೆ. ಚಿಕ್ಕಕ್ಷರದ ‘ಡಿ’ ದಿನವನ್ನು ಸೂಚಿಸುತ್ತದೆ. ಚಿಕ್ಕಕ್ಷರದ ‘ಎಂ’ ಎಂದರೆ ತಿಂಗಳು. ದೊಡ್ಡಕ್ಷರದ ‘ಎಂ’ ಎಂದರೆ ನಿಮಿಷ.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ದಿನ, ತಿಂಗಳು, ವರ್ಷ ಬರಲೆಂದು ಅಚ್ಚು ಬರೆಯುವಾಗ ‘ಎಂ’ ಅಕ್ಷರವು ಕೈತಪ್ಪಿ ದೊಡ್ಡದಾಯಿತೆನ್ನಿ. ಮೇಲಿನ ಕ್ಷಣಕ್ಕೆ ಯಂತ್ರವು 09-16-2001 ಎಂದು ಬರೆಯುತ್ತದೆ. ಹದಿನಾರನೆಯ ತಿಂಗಳು ಇಲ್ಲವೆಂದು ನಾವು ನಗಬಹುದು. ಆದರೆ ಅಮೆರಿಕದ ಓದುಗನಿಗೆ ಅದು ನಿರ್ದುಷ್ಟವಾದ ಸೆಪ್ಟೆಂಬರ್ 16! ಯಂತ್ರವು ದೂರುವುದಿಲ್ಲ, ಏಕೆಂದರೆ ಕೇಳಿದ್ದನ್ನೇ ಅದು ಕೊಟ್ಟಿದೆ. ತಪ್ಪು ತಪ್ಪಾಗಿ ಕಾಣದೆ ಸರಿಯಂತೆ ತೋರುವುದೇ ಇಲ್ಲಿನ ಅಪಾಯ.

ವರ್ಷವನ್ನು ಎರಡಂಕಿಗಳಲ್ಲಿ ಬರೆಯುವುದೂ ಅಷ್ಟೇ ಅಪಾಯಕರ. ಆ ಬರಹವನ್ನು ಮರಳಿ ಓದುವಾಗ ಪೈಥಾನ್ ಭಾಷೆಯು 69ರಿಂದ 99ರವರೆಗಿನ ಅಂಕಿಗಳನ್ನು 1900ರ ಸಾಲಿಗೂ 00ಯಿಂದ 68ರವರೆಗಿನವನ್ನು 2000ದ ಸಾಲಿಗೂ ಸೇರಿಸುತ್ತದೆ. 1965ರಲ್ಲಿ ಹುಟ್ಟಿದ ಅಜ್ಜಿಯ ಜನ್ಮವರ್ಷವನ್ನು 65 ಎಂದಷ್ಟೇ ಬರೆದಿಟ್ಟರೆ, ಆಕೆ 2065ರಲ್ಲಿ ಹುಟ್ಟಲಿರುವ ಶಿಶುವಾಗುತ್ತಾಳೆ.

ಇವಕ್ಕೆಲ್ಲ ಪರಿಹಾರವಾಗಿ 1988ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವೊಂದು ಪ್ರಕಟವಾಯಿತು. ಅದರ ಸಂಖ್ಯೆ ಐ.ಎಸ್.ಓ. 8601. ದೊಡ್ಡ ಅಂಗ ಮೊದಲು, ಚಿಕ್ಕದು ಅನಂತರ ಎಂಬುದೇ ಅದರ ಸಾರ: 2001-09-09. ಈ ಕ್ರಮದಿಂದ ಇನ್ನೊಂದು ಲಾಭವುಂಟು. ಇಂತಹ ಬರಹಗಳನ್ನು ನಿಘಂಟಿನ ಪದಗಳಂತೆ ಅಕ್ಷರಕ್ರಮದಲ್ಲಿ ಜೋಡಿಸಿದರೂ ಅವು ಕಾಲಕ್ರಮದಲ್ಲಿಯೇ ನಿಲ್ಲುತ್ತವೆ. ಆದರೆ ಮುಂದಿನ ಸೊನ್ನೆಯನ್ನು ಬಿಡಲಾಗದು. 2001-9-9 ಮತ್ತು 2001-10-2 ಎಂದು ಬರೆದರೆ, 1 ಎಂಬ ಅಂಕಿ 9ಕ್ಕಿಂತ ಮೊದಲು ಬರುವುದರಿಂದ ಅಕ್ಟೋಬರ್ ತಿಂಗಳು ಸೆಪ್ಟೆಂಬರಿಗಿಂತ ಹಿಂದೆ ಬಂದು ಕೂರುತ್ತದೆ. ವೇಳೆಯನ್ನೂ ಬರೆಯುವುದಾದರೆ ಅದರ ಮುಂದೆ +05:30 ಎಂದು ಸೇರಿಸಬೇಕು. ಇಲ್ಲದಿದ್ದರೆ 07:16 ಎಂಬುದು ಯಾವ ದೇಶದ ಬೆಳಿಗ್ಗೆಯೆಂದು ಓದುಗನಿಗೆ ತಿಳಿಯದು.

ಯಂತ್ರಕ್ಕಲ್ಲದೆ ಜನರಿಗಾಗಿ ಬರೆಯುವಾಗ ತಿಂಗಳ ಹೆಸರನ್ನೂ ವಾರವನ್ನೂ ಸೇರಿಸುವುದು ಲೇಸು. ನಮ್ಮ ಲಗ್ನಪತ್ರಿಕೆಗಳಲ್ಲಿ ತಾರೀಖಿನೊಡನೆ ವಾರ, ತಿಥಿಗಳನ್ನು ನಮೂದಿಸುವ ರೂಢಿಯುಂಟಷ್ಟೆ. ಒಂದು ತಪ್ಪಾದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಮೊದಲು ಕಂಡ ಪ್ರಕಟಣೆಯಲ್ಲಿ ಗುರುವಾರ ಎಂಬ ಒಂದು ಮಾತಿದ್ದಿದ್ದರೆ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ; ಏಕೆಂದರೆ 2025ರ ಮಾರ್ಚ್ 4 ಮಂಗಳವಾರ, ಏಪ್ರಿಲ್ 3 ಗುರುವಾರ.

ಅಭ್ಯಾಸ: ಎಣಿಕೆಯು ಸೊನ್ನೆಯಾಗಿದ್ದ ಕ್ಷಣದಲ್ಲಿ ಬೆಂಗಳೂರಿನ ಗಡಿಯಾರ ಎಷ್ಟು ಗಂಟೆ ತೋರಿಸುತ್ತಿತ್ತು? ನಿಮ್ಮ ಜನ್ಮದಿನದ ನಡುರಾತ್ರಿಗೆ ಆ ಎಣಿಕೆ ಎಷ್ಟಾಗಿತ್ತು? ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ, ಅನಂತರ ಯಂತ್ರವನ್ನು ಕೇಳಿರಿ. ಎರಡು ಉತ್ತರಗಳ ನಡುವೆ 19,800 ಸೆಕೆಂಡುಗಳ ಅಂತರ ಕಂಡುಬಂದರೆ, ಅದರ ಕಾರಣವನ್ನು ಈ ಪಾಠದಲ್ಲಿಯೇ ಹುಡುಕಬಹುದು.