ಡಿಎಂಎಸ್ಒ ಕಲಿಸಿದ್ದು

ಆಲ್ಝೈಮರ್ಸ್ ಬಂದವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತದೆ. ಅದನ್ನು ಒಡೆಯುವ ಕೋಲಿನೆಸ್ಟರೇಸ್ ಕಿಣ್ವವನ್ನು ತಡೆದರೆ, ಇರುವಷ್ಟಾದರೂ ಹೆಚ್ಚು ಹೊತ್ತು ಉಳಿದೀತು. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಮಾಡುವುದು ಇದನ್ನೇ. ಇಂಥ ಗುಣವನ್ನು ಸೊಪ್ಪು, ಬೇರುಗಳ ಸಾರದಲ್ಲಿ ಹುಡುಕುವುದು ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಬರುವವರಿಗೆ ಇಷ್ಟು ಹೇಳುತ್ತೇನೆ.

1. ದ್ರಾವಕವನ್ನೂ ಪರೀಕ್ಷಿಸಿ

ನಾವು ಬಳಸುವುದು 1961ರ ಎಲ್‌ಮನ್ ವಿಧಾನ. ಕಿಣ್ವ ಕೆಲಸ ಮಾಡಿದರೆ ಹಳದಿ ಬಣ್ಣ ಏರುತ್ತದೆ. 412 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ನನ್ನ ಮೊದಲ ಸಾರವನ್ನು ಡಿಎಂಎಸ್ಒ ಎಂಬ ದ್ರಾವಕದಲ್ಲಿ ಕರಗಿಸಿದ್ದೆ. ಪ್ರಮಾಣ ಹೆಚ್ಚಿಸಿದಂತೆ ಬಣ್ಣ ಇಳಿಯಿತು, ಗ್ರಾಫ್ ಚೆಂದವಾಗಿ ಬಂತು. ಆದರೆ ಹೋಲಿಕೆಗೆ ಇಟ್ಟಿದ್ದು ಬರೀ ಬಫರ್. ಸಾರ ಹೆಚ್ಚಾದಷ್ಟೂ ಡಿಎಂಎಸ್ಒ ಕೂಡ ಹೆಚ್ಚಾಗಿತ್ತು, ಅದೇ ಸ್ವತಃ ಈ ಕಿಣ್ವವನ್ನು ತಡೆಯುತ್ತದೆ. ದ್ರಾವಕವನ್ನು ಎಲ್ಲ ವೆಲ್‌ಗಳಲ್ಲೂ ಸಮನಾಗಿಟ್ಟು ಮತ್ತೆ ಮಾಡಿದಾಗ ಸಾರದಲ್ಲಿ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಆ ಫಲಿತಾಂಶವನ್ನು ಎಲ್ಲರಿಗೂ ತೋರಿಸಿಯಾಗಿತ್ತು. ಒಬ್ಬೊಬ್ಬರ ಬಳಿಗೂ ಹೋಗಿ ತಪ್ಪು ಎಂದು ಹೇಳಿದೆ. ಹಾಗೆ ಹೇಳಲೇಬೇಕು.

2. ಸೊಪ್ಪಿಗೂ ಬಣ್ಣವಿದೆ

ಕ್ಲೋರೋಫಿಲ್ 412ರಲ್ಲೂ ಬೆಳಕು ಹೀರುತ್ತದೆ. ಕಿಣ್ವವಿಲ್ಲದ ಬ್ಲ್ಯಾಂಕ್ ಇಟ್ಟು ಕಳೆಯದಿದ್ದರೆ ನಿಜವಾದ ಗುಣವೂ ಮುಚ್ಚಿಹೋಗುತ್ತದೆ.

3. ಕಿಣ್ವ ತಡೆದದ್ದೆಲ್ಲ ಔಷಧವಲ್ಲ

1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ಯಾಕ್ರಿನ್ ಕಿಣ್ವವನ್ನು ಚೆನ್ನಾಗಿಯೇ ತಡೆಯುತ್ತಿತ್ತು. ಆದರೆ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ರಕ್ತದಲ್ಲಿ ಯಕೃತ್ತಿನ ಕಿಣ್ವ ಏರಿತು. ಕೊನೆಗೆ ಅದು ಬಳಕೆಯಿಂದಲೇ ಹೋಯಿತು. ಅಸಿಟೈಲ್‌ಕೋಲಿನ್ ಕರುಳಿನಲ್ಲೂ ಹೃದಯದಲ್ಲೂ ಕೆಲಸ ಮಾಡುವುದರಿಂದ ಈಗಿನ ಮಾತ್ರೆಗಳಿಂದಲೂ ವಾಂತಿ, ಭೇದಿ ಆಗಬಹುದು, ನಾಡಿ ನಿಧಾನವಾಗಬಹುದು. ನಮ್ಮ ಪ್ಲೇಟಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಗ್ಗವೆಂದು ತರಿಸುವ ಕಿಣ್ವವೂ ವಿದ್ಯುತ್ ಈಲ್‌ ಮೀನಿನದು. ಮನುಷ್ಯರ ಕಿಣ್ವದ ಮೇಲೆ ಮತ್ತೊಮ್ಮೆ ನೋಡದೆ ಮುಂದಿನ ಮಾತು ಬೇಡ.

4. ಮನೆಯವರು ಕೇಳಿಸಿಕೊಳ್ಳುತ್ತಾರೆ

ಪರಿಚಯದವರೊಬ್ಬರಿಗೆ ಸೊಪ್ಪೊಂದರ ಬಗ್ಗೆ ಉತ್ಸಾಹದಿಂದ ಹೇಳಿದ್ದೆ. ಕೆಲವು ವಾರದ ನಂತರ ಫೋನ್ ಬಂತು: "ಸಾರ್, ಅಮ್ಮನ ಮಾತ್ರೆ ನಿಲ್ಲಿಸಿ ಅದರ ಕಷಾಯ ಕೊಡಬಹುದಾ?" ನಾನು ಗಾಬರಿಯಾದೆ. ಅವರು ತೆಗೆದುಕೊಳ್ಳುತ್ತಿದ್ದ ಡೊನೆಪೆಜಿಲ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಲಾಭವೂ ಸಣ್ಣದೇ. ಆದರೂ 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಡಾಮಿನೋ ಅಧ್ಯಯನದಲ್ಲಿ, ಕಾಯಿಲೆ ಮುಂದುವರಿದಿದ್ದ 295 ಜನರ ಪೈಕಿ ಮಾತ್ರೆ ಮುಂದುವರಿಸಿದವರ ಗ್ರಹಿಕೆ, ನಿಲ್ಲಿಸಿದವರದ್ದಕ್ಕಿಂತ ಮೇಲಿತ್ತು. ತಾಯಿಯೊಬ್ಬರಿಗೆ ಆ ಸಣ್ಣ ಲಾಭ ದೊಡ್ಡದೇ. ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಎಂದೆ. ಈಗ ಯಾವ ಸಸ್ಯದ ಹೆಸರನ್ನೂ ಲ್ಯಾಬಿನ ಹೊರಗೆ ಹೇಳುವುದಿಲ್ಲ.