ಹಳೆಯ ಕಸದ ಜಾಗದಲ್ಲಿ ಸೊಪ್ಪು ಬಿತ್ತುವ ಮುನ್ನ



ಪಟ್ಟಣದ ಕಸವನ್ನು ಹತ್ತಾರು ವರ್ಷ ಸುರಿದು ಬಿಟ್ಟ ಜಾಗಗಳು ಹಳ್ಳಿಗಳ ಅಂಚಿನಲ್ಲಿ ಅಲ್ಲಲ್ಲಿ ಉಂಟು. ಅಲ್ಲಿನ ಮಣ್ಣು ಕಪ್ಪಗೆ, ಹುಡಿಹುಡಿಯಾಗಿರುತ್ತದೆ. ಎರಡು ವರ್ಷದ ಹಿಂದೆ ಅಂಥ ಅರ್ಧ ಎಕರೆಯಲ್ಲಿ ರೈತರೊಬ್ಬರು ದಂಟು ಬಿತ್ತಿದಾಗ "ಒಳ್ಳೆಯ ನೆಲ" ಎಂದು ನಾನೇ ಹೇಳಿದ್ದೆ. ಸೊಪ್ಪು ಸೊಂಪಾಗಿಯೇ ಬಂದಿತು. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಲಾಗಿ, ಸೀಸ ಮತ್ತು ಕ್ಯಾಡ್ಮಿಯಂ ಮಿತಿಮೀರಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗಿರುವುದೆಲ್ಲ ಗೊಬ್ಬರವೂ ಅಲ್ಲ.

ಇವು ಎಲ್ಲಿಂದ ಬಂದವು? ಕಸದೊಡನೆ ಬಿದ್ದ ಬ್ಯಾಟರಿ, ಹಳೆಯ ಬಣ್ಣ, ಲೇಪನ ಮಾಡಿದ ಲೋಹದ ಚೂರುಗಳಿಂದ. ಎಲೆ, ಸಗಣಿ ಕೊಳೆತು ಮಣ್ಣಾಗುತ್ತವೆ. ಲೋಹ ಕೊಳೆಯುವುದಿಲ್ಲ, ಸುಟ್ಟರೂ ಇಲ್ಲವಾಗುವುದಿಲ್ಲ.

ಕ್ಯಾಡ್ಮಿಯಂ ಬೇರಿನಿಂದ ಎಲೆಗೆ ಸುಲಭವಾಗಿ ಏರುತ್ತದೆ. ಸೀಸ ಹೆಚ್ಚಾಗಿ ಬೇರಿನಲ್ಲಿಯೇ ನಿಲ್ಲುತ್ತದೆ. ಆದರೆ ಧೂಳಾಗಿ ಎಲೆಗೆ ಅಂಟುತ್ತದೆ. ತೊಳೆದರೆ ಧೂಳು ಹೋದೀತು, ಎಲೆಯೊಳಗಿನದು ಹೋಗದು. ಗಿಡದ ಬಣ್ಣ ನೋಡಿ ಇದನ್ನು ತಿಳಿಯಲಾಗದು.

ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಸಂಗ್ರಹವಾಗುತ್ತದೆ. ಜಪಾನಿನ ಟೊಯಾಮದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಯ ನೀರಿನೊಡನೆ ಗದ್ದೆಗಳನ್ನು ಸೇರಿತು. ಆ ಅಕ್ಕಿ ಉಂಡು, ಆ ನೀರು ಕುಡಿದವರಲ್ಲಿ ಅನೇಕರ ಮೂಳೆಗಳು ಮುರಿಯತೊಡಗಿದವು. ರೋಗಕ್ಕೆ ಇದೇ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಕೆಡಿಸುವುದು ಸುಲಭ, ಸರಿಪಡಿಸುವುದು ಎಷ್ಟು ಕಷ್ಟ ನೋಡಿ.

ಆದುದರಿಂದ ಹೀಗೆ ಮಾಡಿರಿ:

1. ಜಮೀನಿನ ಹಿಂದಿನ ಕಥೆಯನ್ನು ಊರ ಹಿರಿಯರಿಂದ ಕೇಳಿ ತಿಳಿಯಿರಿ.

2. ಮಣ್ಣು ಆರೋಗ್ಯ ಚೀಟಿಯಲ್ಲಿರುವ 12 ಅಂಶಗಳಲ್ಲಿ ಸೀಸ, ಕ್ಯಾಡ್ಮಿಯಂ ಸೇರಿಲ್ಲ. ಇವುಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಎಲ್ಲಿ ಮಾಡಿಸುವುದೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

3. ಫಲಿತಾಂಶ ಬರುವ ತನಕ ಸೊಪ್ಪು, ಮೂಲಂಗಿ, ಗಜ್ಜರಿ ಬೇಡ. ದನಗಳನ್ನೂ ಮೇಯಿಸಬೇಡಿ.

4. ದೋಷ ಅಲ್ಪವಿದ್ದರೆ, ತಜ್ಞರನ್ನು ಕೇಳಿ ಅವರೆ, ಬೀನ್ಸ್, ಕುಂಬಳದಂಥ ಕಾಯಿಬೆಳೆ ಹಾಕಬಹುದು; ಕಾಯಿಗೆ ಏರುವ ಲೋಹ ಎಲೆಗಿಂತ ಕಡಿಮೆ. ಹುಳಿಮಣ್ಣಿಗೆ ಸುಣ್ಣ, ಕೊಟ್ಟಿಗೆ ಗೊಬ್ಬರ ಕೊಟ್ಟರೆ ಕ್ಯಾಡ್ಮಿಯಂ ಗಿಡಕ್ಕೆ ಏರುವುದು ತಗ್ಗುತ್ತದೆ. ಆದರೆ ಮಣ್ಣಿನಿಂದ ಹೋಗುವುದಿಲ್ಲ.

5. ದೋಷ ಹೆಚ್ಚಿದ್ದರೆ ಹೂವು ಅಥವಾ ಮರ ಬೆಳೆಯಿರಿ. ಆ ಮಣ್ಣನ್ನು ಬೇರೆ ಹೊಲಕ್ಕೆ ಗೊಬ್ಬರವೆಂದು ಹೊಡೆಯಲೇಬೇಡಿ.

ಆ ರೈತರು ಈಗ ಅಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಆದಾಯ ತುಸು ಇಳಿದಿದೆ. ಆದರೂ, "ನನ್ನ ಮಕ್ಕಳಿಗೆ ಬಡಿಸಲಾರದ ಸೊಪ್ಪನ್ನು ಸಂತೆಗೆ ಹೇಗೆ ಒಯ್ಯಲಿ?" ಎಂದರು. ಆ ಮಾತನ್ನು ನಾವೆಲ್ಲರೂ ನೆನಪಿನಲ್ಲಿಡೋಣ.

— ನಿಮ್ಮ ಗ್ರಾಮಸೇವಕ